ಹತ್ತು ಕಿಲೋಮೀಟರಿಗೆ ನಾಲ್ಕುನೂರ ಹನ್ನೆರಡು ಮೀಟರ್ ಕಡಿಮೆ

ನನ್ನ ಮಗಳಿಗೆ ಸೈಕಲ್ಲಿನ ಹುಚ್ಚು ಹತ್ತಿದ್ದು ಒಂಬತ್ತನೇ ಇಯತ್ತೆಯಲ್ಲಿ. ನಮ್ಮ ಜಮಖಂಡಿ, ಮುಧೋಳದ ಕಡೆ ಇದೇನು ಅಪರೂಪದ ಹುಚ್ಚಲ್ಲ. ಬೆಳಿಗ್ಗೆ ಆರಕ್ಕೆ ಊರ ಹೊರಗಿನ ರಸ್ತೆಯಲ್ಲಿ ನಿಂತರೆ ಬಾಗಿದ ಹಿಡಿಕೆಯ ಮೇಲೆ ಬಗ್ಗಿದ ನಾಲ್ಕಾರು ಬೆನ್ನುಗಳು ಸುಂಯ್ ಎಂದು ದಾಟಿ ಹೋಗುತ್ತವೆ. ಕಬ್ಬಿನ ಟ್ರ್ಯಾಕ್ಟರಿನವರು ಕೂಡ ಅವರಿಗೆ ದಾರಿ ಬಿಡುವುದನ್ನು ಕಲಿತಿದ್ದಾರೆ. ಆದರೂ ನಮ್ಮ ಮನೆಯ ಹುಡುಗಿಯೇ ಒಂದು ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದು, "ಅವ್ವಾ, ನಾಳಿಂದ ನಾನೂ ಹೊಕ್ಕೇನಿ" ಎಂದಾಗ ನಾನು ನಕ್ಕುಬಿಟ್ಟಿದ್ದೆ. ಮರುದಿನ ಅವಳು ನನಗಿಂತ ಮೊದಲು ಎದ್ದಿದ್ದಳು. ಅದರ ಮರುದಿನವೂ.

ಅವಳಿಗೆ ಕಲಿಸಲು ಒಪ್ಪಿದವರು ಮುಧೋಳದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬ ಹಳೆಯ ಸೈಕಲ್ ಪಟು. ವಯಸ್ಸು ಅರವತ್ತರ ಆಸುಪಾಸು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಆದರೆ ಮೊಣಕಾಲಿನ ಕೆಳಗೆ ನೋಡಿದರೆ ಮೂವತ್ತರ ಗಂಡಸು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ವಾರಕ್ಕೆ ಮೂರು ದಿನ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ಜಮಖಂಡಿಗೆ ಬರುತ್ತಿದ್ದರು. ಅವರದು ಒಂದೇ ಕಟ್ಟುನಿಟ್ಟು. ತಾಲೀಮಿನ ಹೊತ್ತಿನಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲ. "ಮೊಬೈಲ ನೋಡಾಕಿ ರಸ್ತೆ ನೋಡಂಗಿಲ್ಲ" ಎನ್ನುತ್ತಿದ್ದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಸ್ಟಾಪ್‌ವಾಚೊಂದೇ ಅವರ ಸಾಮಾನು.

ನಾನು ಜಮಖಂಡಿಯ ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ನಕಾಶೆ ಬರೆಯುತ್ತೇನೆ. ಯಾರ ಕಬ್ಬು ಎಲ್ಲಿದೆ, ಯಾವ ದಾರಿಯಲ್ಲಿ ಲಾರಿ ಹೋಗಬಹುದು ಎಂದು ಸಕ್ಕರೆ ಕಾರ್ಖಾನೆಗಳಿಗೆ ತೋರಿಸುವ ನಕಾಶೆಗಳು ಅವು. ಉಪಗ್ರಹದಿಂದ ತೆಗೆದ ಫೋಟೋ ಕೆಳಗೆ ಹಾಸಿಕೊಂಡು ಅದರ ಮೇಲೆ ಹೊಲದ ಗಡಿ, ಕಾಲುವೆ, ದಾರಿ ಎಲ್ಲ ಗೀಚುತ್ತಾ ಹೋಗುವುದು. ಅಷ್ಟು ವರ್ಷ ಯಾರೂ ನನ್ನನ್ನು ಅಳತೆ ಕೇಳಿರಲಿಲ್ಲ. ಎಲ್ಲಿದೆ ಎಂದು ಕೇಳುತ್ತಿದ್ದರು, ಎಷ್ಟಿದೆ ಎಂದು ಕೇಳುತ್ತಿರಲಿಲ್ಲ.

ಮೊದಲು ಕೇಳಿದವರು ನಮ್ಮ ಸರ್. ಒಂದು ದಿನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಅಕ್ಕಾರ, ನೀವು ನಕಾಶೆ ಮಾಡೋರು. ಹತ್ತು ಕಿಲೋಮೀಟರ ಅಳದು ಕೊಡ್ರಿ. ಆಯ್ಕಿಗೆ ನಾಕ ತಿಂಗಳ ಉಳದಾವು. ಹುಡುಗಿ ಹೊತ್ತ ನೋಡಬೇಕಾಗೇತಿ" ಎಂದರು. ಕ್ರೀಡಾ ವಸತಿ ನಿಲಯಕ್ಕೆ ಹುಡುಗಿಯರನ್ನು ಆರಿಸುವಾಗ ಒಬ್ಬೊಬ್ಬರನ್ನೇ ಹತ್ತು ಕಿಲೋಮೀಟರ್ ಓಡಿಸಿ ಸಮಯ ಹಿಡಿಯುತ್ತಾರೆ. ಹದಿನಾರು ನಿಮಿಷದೊಳಗೆ ಮುಗಿಸಿದವಳನ್ನು ಯಾರೂ ಬಿಡಲಾರರು ಎಂಬುದು ಸರ್ ಅವರ ಲೆಕ್ಕಾಚಾರ. ದೊಡ್ಡ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳಿವೆ, ಆದರೆ ಅಲ್ಲಿ ಲಾರಿಗಳ ಕಾಟ. ತುಬಚಿಯ ಕಡೆ ಹೋಗುವ ಒಳರಸ್ತೆಗೆ ಆಗಷ್ಟೇ ಡಾಂಬರು ಬಿದ್ದಿತ್ತು. ನುಣ್ಣಗಿತ್ತು, ಖಾಲಿಯಿತ್ತು. ಕಲ್ಲು ಮಾತ್ರ ಇರಲಿಲ್ಲ.

ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಆ ರಸ್ತೆಯನ್ನು ಫೋಟೋದ ಮೇಲೆ ಗೀಚಿದೆ. ಪ್ರತಿ ತಿರುವಿಗೂ ಒಂದು ಚುಕ್ಕೆ ಇಟ್ಟೆ. ಮಗಳ ಕೆಲಸವೆಂದು ಎಷ್ಟು ಜಾಗ್ರತೆಯಿಂದ ಇಟ್ಟೆನೆಂದರೆ, ಕಾರ್ಖಾನೆಯವರು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಬಸ್ ಶೆಡ್ಡಿನಿಂದ ಶುರುವಾಗಿ ಒಂದು ಸಣ್ಣ ಸೇತುವೆಯ ಮೋಟುಗೋಡೆಗೆ ಸರಿಯಾಗಿ ಹತ್ತು ಸಾವಿರ ಮೀಟರ್ ಬಂತು. ಭಾನುವಾರ ನಾವು ಮೂವರೂ ಹೋಗಿ ಎರಡೂ ಕಡೆ ಬಿಳಿ ಬಣ್ಣದ ಗೆರೆ ಎಳೆದೆವು. ಸರ್ ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗಿ ಮೀಟರ್ ನೋಡಿದರು. ಅದೂ ಹತ್ತು ಎಂದೇ ತೋರಿಸಿತು. "ಭಾರೀ ಕೆಲಸ ಬಿಡ್ರಿ, ಅಕ್ಕಾರ" ಎಂದರು. ಆ ದಿನ ಮನೆಗೆ ಬರುವಾಗ ನಾನೇ ಯಾವುದೋ ಓಟ ಗೆದ್ದ ಹಾಗೆ ನಡೆಯುತ್ತಿದ್ದೆ.

ಮೊದಲ ಸಲ ಅವಳು ಹದಿನೇಳು ನಿಮಿಷದ ಮೇಲೆ ತೆಗೆದುಕೊಂಡಳು. ತಿಂಗಳು ಕಳೆಯುವುದರಲ್ಲಿ ಹದಿನಾರೂವರೆ. ಆಯ್ಕೆಗೆ ಹತ್ತು ದಿನ ಇದ್ದಾಗ ಒಂದು ಬೆಳಿಗ್ಗೆ ಹದಿನೈದು ನಿಮಿಷ ಐವತ್ತೇಳು ಸೆಕೆಂಡು. ಸರ್ ಸ್ಟಾಪ್‌ವಾಚನ್ನು ನನ್ನ ಮುಖಕ್ಕೆ ಹಿಡಿದರು. ಮಗಳು ಸೇತುವೆಯ ಗೋಡೆಗೆ ಒರಗಿ ಕೂತು, ಮಾತಾಡಲು ಉಸಿರಿಲ್ಲದೆ, ಹೆಬ್ಬೆರಳೊಂದನ್ನು ಮೇಲೆತ್ತಿ ತೋರಿಸಿದಳು. ನನ್ನ ಗಂಡ ಬನಹಟ್ಟಿಯ ನೇಕಾರರ ಮನೆಯವರು. ಈಗಲೂ ದಿನಾಲು ಬಸ್ಸಿನಲ್ಲಿ ಹೋಗಿ ಅಣ್ಣನ ಜೊತೆ ಮಗ್ಗ ನಡೆಸುತ್ತಾರೆ. ಆ ಸಂಜೆ ಅವರು ಹಾಸುಹೊಕ್ಕಿನ ಮಾತೆಲ್ಲ ಮರೆತು ಮಗಳ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತ ಕೂತಿದ್ದರು.

ಆಯ್ಕೆಯ ದಿನ ನಾವೆಲ್ಲ ಹೋಗಿದ್ದೆವು. ಅಲ್ಲಿನ ರಸ್ತೆಯನ್ನು ತಿಳಿದವರು ಚೆನ್ನಾಗಿ ಅಳೆದಿದ್ದರು. ಗಾಳಿಯೂ ಇರಲಿಲ್ಲ. ಅವಳು ಹೊರಟ ರೀತಿ ನೋಡಿ ನನಗೆ ಎದೆ ತುಂಬಿ ಬಂತು. ಮುಗಿಸಿ ಬಂದಾಗ ಮುಖ ಕೆಂಪಾಗಿ ಬಾಯಿ ಒಣಗಿತ್ತು. ಸಮಯ ಹಿಡಿಯುತ್ತಿದ್ದವರು ಕೂಗಿ ಹೇಳಿದರು: ಹದಿನಾರು ನಿಮಿಷ ಮೂವತ್ತೊಂದು ಸೆಕೆಂಡು.

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಸರ್ ಹೇಳಿದ ಮಾತು. ಅವರು ಕಠಿಣ ಮನುಷ್ಯರಲ್ಲ, ಅಂದು ಅವರಿಗೂ ಸಂಕಟವಾಗಿತ್ತು. "ಕಾಲಾಗ ಶಕ್ತಿ ಇತ್ತವ್ವಾ. ಎದಿಯಾಗ ಧೈರ್ಯ ಇರಲಿಲ್ಲ. ಜನಾ ನೋಡಿ ಹೆದರಿದಿ" ಎಂದರು. ಅವಳು ತಲೆ ತಗ್ಗಿಸಿ, "ಹೌದರಿ ಸರ್" ಎಂದಳು. ಬಸ್ಸಿನಲ್ಲಿ ಬರುವಾಗ ಲೋಕಾಪುರ ದಾಟಿದ ಮೇಲೆ ಕೇಳಿದಳು: "ಅವ್ವಾ, ನಾ ಹೆದರಿದ್ದು ನಿನಗೂ ಕಂಡಿತೇನು?" ನನಗೆ ಕಂಡಿರಲಿಲ್ಲ. ಆದರೆ ಕಂಡಿರಲಿಲ್ಲ ಎಂದರೆ ಮತ್ತೇನಾಯಿತು ಎಂಬ ಪ್ರಶ್ನೆ ಬರುತ್ತಿತ್ತು. ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಅಂದಿನಿಂದ ಅವಳು ಸೈಕಲ್ ಮುಟ್ಟಲಿಲ್ಲ. ಶಾಲೆಗೆ ನಡೆದೇ ಹೋಗುತ್ತಿದ್ದಳು.

ಮೂರು ವಾರದ ಮೇಲೆ ನಾನು ಕೆಲಸಕ್ಕಾಗಿ ಬೀಳಗಿ ತಾಲೂಕಿನ ಬಾಡಗಂಡಿಗೆ ಹೋದೆ. ಅಲ್ಲಿಯ ಕಬ್ಬಿನ ಹೊಲಗಳಿಗೆ ಹನಿ ನೀರಾವರಿ ಮಾಡುವವರು ಸಾಲುಗಳ ಉದ್ದ ಕೇಳಿದ್ದರು. ಅಂದರೆ ಈಗ 'ಎಷ್ಟಿದೆ' ಎಂಬ ಪ್ರಶ್ನೆ ಕಚೇರಿಗೂ ಬಂದಿತ್ತು. ಎಪ್ಪತ್ತು ದಾಟಿದ ಒಬ್ಬ ಯಜಮಾನರು ನನ್ನ ಹಾಳೆಯನ್ನು ಕಣ್ಣಿನ ಹತ್ತಿರ, ದೂರ ಹಿಡಿದು ನೋಡಿ, ಮೆಲ್ಲಗೆ ನಕ್ಕರು.

"ತಂಗೀ, ನಿನ್ನ ನಕಾಶೆದಾಗ ನನ್ನ ಹೊಲ ಬೆಳದೈತಿ."

"ಹೆಂಗರೀ ಅಜ್ಜಾರ?"

"ಇಲ್ಲಿ ನೋಡು, ಸಾಲ ಇನ್ನೂರಾ ಒಂಬತ್ತ ಮೀಟರ ಬರದೀ. ನಾ ಹೋದ ವರ್ಷನ ಪೈಪ ಹಾಸೇನಿ. ನಾಕ ನೂರ ಮೀಟರಿನ ಒಂದ ಸುರುಳಿ ಎರಡ ಸಾಲಿಗೆ ಸರಿಯಾಗಿ ಕುಂಡರತೈತಿ. ಅಂದ್ರ ಇನ್ನೂರು."

ನೆಲ ಸಮ ಇರುವುದಿಲ್ಲ, ಏರಿಳಿತಕ್ಕೆ ಸ್ವಲ್ಪ ವ್ಯತ್ಯಾಸ ಬರುತ್ತದೆ ಎಂದೆ. ಅವರು ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, "ಏರಿಳತ ಇದ್ರ ನೆಲದ ಮ್ಯಾಗ ಪೈಪ ಹೆಚ್ಚ ಬೇಕಾಗಬೇಕು. ನಿನ್ನ ಹಾಳಿ ಮ್ಯಾಗ ಹೆಚ್ಚ ಆಗೇತಿ. ಉಲ್ಟಾ ಆತಲ್ಲ" ಎಂದರು.

ಅವರು ಹೇಳಿದ್ದು ಖರೆ ಇತ್ತು. ನಾನು ಅಲ್ಲೇ ಬದುವಿನ ಮೇಲೆ ಕೂತೆ. ಉಳಿದ ಸಾಲುಗಳನ್ನೂ ಕೇಳಿದೆ. ಅವರು ಇನ್ನೂರು ಎಂದದ್ದೆಲ್ಲ ನನ್ನಲ್ಲಿ ಇನ್ನೂರೊಂಬತ್ತರ ಹತ್ತಿರ ಇತ್ತು. ನೂರು ಎಂದದ್ದು ನೂರಾ ನಾಲ್ಕು. ಕೈ ತಪ್ಪಿ ಚುಕ್ಕೆ ಇಟ್ಟಿದ್ದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರಬೇಕಿತ್ತು. ಇದು ಪ್ರತಿ ಸಲ ಹೆಚ್ಚೇ ಬರುತ್ತಿತ್ತು, ಅದೂ ಒಂದೇ ಪ್ರಮಾಣದಲ್ಲಿ.

ಆಫೀಸಿಗೆ ಬಂದು ಕಂಪ್ಯೂಟರ್ ತೆರೆದಾಗ ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು. ಹತ್ತು ನಿಮಿಷದ ಕೆಲಸ. ನಾಲ್ಕು ತಿಂಗಳ ಹಿಂದೆ ಮಾಡಬಹುದಾಗಿದ್ದ ಕೆಲಸ.

ಗುಂಡಗಿನ ಭೂಮಿಯನ್ನು ಚಪ್ಪಟೆ ಪರದೆಯ ಮೇಲೆ ಹರಡಲು ಹತ್ತಾರು ವಿಧಾನಗಳಿವೆ. ಒಂದೊಂದು ವಿಧಾನವೂ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಕೊಡುತ್ತದೆ. ಉಪಗ್ರಹದ ಫೋಟೋ ಬರುವ ವಿಧಾನ ಇಡೀ ಜಗತ್ತನ್ನು ಒಂದೇ ಚೌಕದಲ್ಲಿ ತೋರಿಸಲಿಕ್ಕಾಗಿ ಮಾಡಿದ್ದು. ಅದರಲ್ಲಿ ಊರಿನ ಆಕಾರ, ರಸ್ತೆಯ ತಿರುವು ಕಣ್ಣಿಗೆ ಸರಿಯಾಗಿ ಕಾಣುತ್ತವೆ. ಆದರೆ ದೂರ ಸರಿಯಿರುವುದು ಭೂಮಧ್ಯರೇಖೆಯ ಮೇಲೆ ಮಾತ್ರ. ಉತ್ತರಕ್ಕೆ ಬಂದಷ್ಟೂ ಎಲ್ಲವೂ ಹಿಗ್ಗುತ್ತದೆ. ಹಿಮದ ದೇಶಗಳಿಗೆ ಹೋದರೆ ಒಂದಕ್ಕೆ ಎರಡಾಗುತ್ತದೆ. ನಮ್ಮ ಜಮಖಂಡಿ ಇರುವಲ್ಲಿ ನೂರಕ್ಕೆ ನಾಲ್ಕು ಚಿಲ್ಲರೆ. ಹೊಸ ನಕಾಶೆ ತೆರೆದಾಗ ಫೋಟೋ ಯಾವ ವಿಧಾನದಲ್ಲಿತ್ತೋ ಅದನ್ನೇ ಕಂಪ್ಯೂಟರ್ ಹಿಡಿದುಕೊಂಡಿತ್ತು. ದೂರವನ್ನು ಹಾಳೆಯ ಮೇಲೆ ಅಳೆಯಬೇಕೋ ಭೂಮಿಯ ಮೇಲೆ ಅಳೆಯಬೇಕೋ ಎಂದು ಆರಿಸಲು ಜಾಗವೂ ಇತ್ತು. ನಾನು ನೋಡಿರಲಿಲ್ಲ. ಹಾಳೆಯ ಮೇಲೆ ಅಳೆದಿದ್ದೆ.

ದೂರ ಬೇಕಾದವರಿಗೆ ಬೇರೆ ವಿಧಾನವಿದೆ. ಭೂಮಿಯನ್ನು ಉದ್ದುದ್ದ ಅರವತ್ತು ಪಟ್ಟಿಗಳಾಗಿ ಸೀಳಿ, ಒಂದೊಂದನ್ನೇ ಬೇರೆಬೇರೆಯಾಗಿ ಚಪ್ಪಟೆ ಮಾಡುತ್ತಾರೆ. ನಮ್ಮದು ನಲವತ್ತಮೂರನೆಯದು. ಅದರ ನಡುಗೆರೆ ಬನಹಟ್ಟಿಯ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಹಾದುಹೋಗುತ್ತದೆ, ಹಾಗಾಗಿ ನಮ್ಮ ಕಡೆ ಸಾವಿರ ಮೀಟರಿಗೆ ಎರಡು ಗೇಣು ಕೂಡ ತಪ್ಪುವುದಿಲ್ಲ. ಅದೂ ಸಾಲದಿದ್ದರೆ ಹಾಳೆಯನ್ನೇ ಬಿಟ್ಟು ಭೂಮಿಯ ಉಬ್ಬಿನ ಮೇಲೆಯೇ ಲೆಕ್ಕ ಹಾಕು ಎಂದು ಹೇಳಬಹುದು. ಆ ಪಟ್ಟಿಗೆ ಬದಲಿಸಿ ಯಜಮಾನರ ಸಾಲನ್ನು ಮತ್ತೆ ಅಳೆದೆ. ನೂರಾ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು.

ಆಮೇಲೆ ತುಬಚಿ ರಸ್ತೆಯ ಆ ಗೆರೆಯನ್ನು ತೆರೆಯಲು ನನಗೆ ಕೈ ಬರಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ತೆರೆದೆ. ಒಂಬತ್ತು ಸಾವಿರದ ಐನೂರ ಎಂಬತ್ತೆಂಟು ಮೀಟರ್. ನಾನು ನನ್ನ ಮಗಳಿಗೆ ನಾಲ್ಕುನೂರ ಹನ್ನೆರಡು ಮೀಟರ್ ಕಡಿಮೆ ರಸ್ತೆ ಕೊಟ್ಟಿದ್ದೆ.

ಒಂದು ಹಾಳೆ ತೆಗೆದುಕೊಂಡು ಇನ್ನೊಂದು ಲೆಕ್ಕ ಮಾಡಿದೆ. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಸಂಜೆ ಮನೆಗೆ ಹೋದೆ.

ಅವಳು ಪಡಸಾಲೆಯಲ್ಲಿ ಓದುತ್ತ ಕೂತಿದ್ದಳು. ಅವಳಪ್ಪ ಆಗಷ್ಟೇ ಬನಹಟ್ಟಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ, ಏನನ್ನೂ ಮುಚ್ಚಿಡದೆ. ನಕಾಶೆಯ ವಿಷಯ ಬಂದಾಗ ನನ್ನ ಮಾತು ತೊಡರಿತು. ಗಂಡ ಟವೆಲಿನಿಂದ ಮುಖ ಒರೆಸುತ್ತ, "ಇದರಾಗ ತಿಳಿಯಲಾರದ್ದು ಏನೈತಿ? ಕೊಡದ ಮ್ಯಾಲೆ ಬಟ್ಟಿ ಹಾಸಿದ್ರ ನೆರಿಗಿ ಬೀಳತಾವು. ನೆರಿಗಿ ಬ್ಯಾಡಂದ್ರ ಬಟ್ಟಿ ಜಗ್ಗಬೇಕು. ಜಗ್ಗಿದ ಬಟ್ಟಿ ಮ್ಯಾಲೆ ಮೊಳ ಹಾಕಿದ್ರ ಲೆಕ್ಕ ತಪ್ಪೂದ" ಎಂದರು. ಅವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾನು ಆಗಿನಿಂದ ಹೇಳಲು ಒದ್ದಾಡುತ್ತಿದ್ದೆ.

ಮಗಳು ಪುಸ್ತಕ ಮುಚ್ಚಿದಳು.

"ಹಂಗಾರ ನಾ ಒಂದ ಸಲಾನೂ ಹದಿನಾರರ ಒಳಗ ಬಂದಿಲ್ಲ."

"ಇಲ್ಲವ್ವಾ."

"ಆ ಐವತ್ತೇಳು ಸೆಕೆಂಡು ಸುಳ್ಳು."

"ಗಡಿಯಾರ ಸುಳ್ಳಲ್ಲ. ರಸ್ತೆ ಸಣ್ಣದಿತ್ತು. ತಪ್ಪು ನಂದು."

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. "ಆ ಒಂದರ ನನ್ನ ಕಡೆ ಇತ್ತಬೇ! ಅದನ್ನೂ ಕಸಗೊಂಡಿ" ಎಂದು ಎದ್ದು ಹಿತ್ತಲಿಗೆ ಹೋದಳು. ಗಂಡ ನನ್ನತ್ತ ನೋಡಿದರು. ನಾನು ಸ್ವಲ್ಪ ಹೊತ್ತು ಬಿಟ್ಟು ಹೋದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಚೀಲದಲ್ಲಿದ್ದ ಹಾಳೆಯನ್ನು ಅವಳ ತೊಡೆಯ ಮೇಲಿಟ್ಟೆ.

"ಇನ್ನೊಂದು ಲೆಕ್ಕ ಐತಿ. ನೋಡು. ಐವತ್ತೇಳು ಸೆಕೆಂಡಿನ ದಿನ ನೀ ಎಷ್ಟು ಜೋರಿದ್ದೆಲ್ಲಾ, ಅಷ್ಟ ಜೋರಲೆ ಖರೇ ಹತ್ತು ಕಿಲೋಮೀಟರ ಹೋಗಿದ್ರ ಎಷ್ಟು ಹೊತ್ತು ಹಿಡೀತಿತ್ತು ಅಂತ."

ಅವಳು ಓದಿದಳು. ಹದಿನಾರು ನಿಮಿಷ ಮೂವತ್ತೆಂಟು ಸೆಕೆಂಡು.

"ಆಯ್ಕಿ ದಿನ ಎಷ್ಟು ಬಂದಿತ್ತು?" ಎಂದು ಕೇಳಿದೆ.

"ಪೆನ್ಸಿಲ್ ಕೊಡು" ಎಂದಳು. ಒಳಗಿನಿಂದ ತಂದುಕೊಟ್ಟೆ. ನನ್ನ ಲೆಕ್ಕವನ್ನು ನಂಬದೆ ತಾನೇ ಮೊದಲಿನಿಂದ ಮಾಡಿದಳು. ಭಾಗಾಕಾರದಲ್ಲಿ ಒಮ್ಮೆ ತಪ್ಪಿ, ಹೊಡೆದುಹಾಕಿ, ಮತ್ತೆ ಮಾಡಿದಳು. ಬೆಳಕು ಇಳಿಯುತ್ತಿತ್ತು. ಹಾಳೆಯನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡಿದಳು.

"ಏಳು ಸೆಕೆಂಡು ಬೇಗ ಬಂದೇನಿ" ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಅಂದ್ರ ನಾ ಹೆದರಿರಲಿಲ್ಲ."

"ಇಲ್ಲವ್ವಾ. ಅವತ್ತ ನೀ ಎಲ್ಲಾ ದಿನಕಿಂತ ಛಲೋ ಹೊಡದಿದ್ದಿ."

ಆಗ ಅವಳು ನಿಜವಾಗಿ ಅತ್ತಳು. ನಾನೂ ಅತ್ತೆ. ಒಗೆಯುವ ಕಲ್ಲು ಇಬ್ಬರಿಗೆ ಸಾಲುವಷ್ಟು ದೊಡ್ಡದಿರಲಿಲ್ಲ, ಒಬ್ಬರ ಮೇಲೊಬ್ಬರು ವಾಲಿಕೊಂಡು ಕೂತಿದ್ದೆವು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಮುಧೋಳಕ್ಕೆ ಹೋದೆ. ಸರ್ ಅಂಗಡಿಯ ಮುಂದೆ ಒಂದು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದರು. ನಾನು ಹೇಳುತ್ತಾ ಹೋದಂತೆ ಅವರ ಕೈ ನೀರಿನೊಳಗೇ ನಿಂತುಬಿಟ್ಟಿತು.

"ಆದ್ರ ನನ್ನ ಗಾಡಿ ಮೀಟರ ಸೈತ ಹತ್ತ ತೋರಸ್ತಲ್ರಿ?"

"ಹಳೇ ಗಾಡಿ ಸರ್. ಹೆಚ್ಚಿಗಿ ತೋರಸ್ತಿರಬೇಕು."

ಅಂದೇ ಕಿಲೋಮೀಟರ್ ಕಲ್ಲುಗಳಿರುವ ದೊಡ್ಡ ರಸ್ತೆಯಲ್ಲಿ ಓಡಿಸಿ ನೋಡಿದರಂತೆ. ಮೀಟರ್ ಹೆಚ್ಚೇ ತೋರಿಸುತ್ತಿತ್ತು, ಹೆಚ್ಚುಕಡಿಮೆ ನನ್ನ ನಕಾಶೆಯಷ್ಟೇ. ಸಂಜೆ ನಮ್ಮ ಮನೆಗೆ ಬಂದರು. ಚಹಾ ಕೊಟ್ಟರೆ ಮುಟ್ಟಲಿಲ್ಲ. ಮಗಳನ್ನು ಕರೆದು, ನಿಂತುಕೊಂಡೇ ಹೇಳಿದರು.

"ಅವ್ವಾ, ಅವತ್ತ ನಾ ನಿನಗ ಒಂದ ಮಾತ ಅಂದೆ. ಅದು ತಪ್ಪು. ನಲವತ್ತ ವರ್ಷ ಸೈಕಲ್ ನೋಡಾಕತ್ತೇನಿ. ನಿನ್ನ ಕಾಲ ನೋಡಿದ್ರ ನನಗ ತಿಳೀಬೇಕಾಗಿತ್ತು. ಗಡಿಯಾರ ನೋಡಿದೆ, ನಿನ್ನ ನೋಡಲಿಲ್ಲ."

ಅವಳು, "ಚಾ ಆರತೈತ್ರಿ ಸರ್" ಎಂದಳು. ಅವರು ಕೂತು ಕುಡಿದರು.

ಮುಂದಿನ ಭಾನುವಾರ ರಸ್ತೆಯನ್ನು ಹೊಸದಾಗಿ ಅಳೆದೆವು. ಕಂಪ್ಯೂಟರಿನಲ್ಲಿ ಸರಿಯಾದ ಪಟ್ಟಿಯಲ್ಲಿ ಅಳೆದು ತಂದಿದ್ದೆ, ಆದರೆ ಈ ಸಲ ನನ್ನ ಮಾತನ್ನು ಯಾರೂ ಬರಿದೇ ನಂಬಲು ತಯಾರಿರಲಿಲ್ಲ, ನಾನೂ ಸೇರಿ. ಆಫೀಸಿನ ಐವತ್ತು ಮೀಟರಿನ ಉಕ್ಕಿನ ಟೇಪು ತೆಗೆದುಕೊಂಡು ಹೋಗಿ ಮೊದಲ ಒಂದು ಕಿಲೋಮೀಟರನ್ನು ಕೈಯಿಂದ ಅಳೆದೆವು. ಒಂದು ತುದಿ ನನ್ನ ಗಂಡ, ಇನ್ನೊಂದು ತುದಿ ಸರ್. ಇಬ್ಬರೂ ಜಗಳಾಡುತ್ತಲೇ ಅಳೆದರು. "ಜಗ್ಗಬ್ಯಾಡ್ರಿ", "ನೀವ ಸಡಲ ಬಿಡಾಕತ್ತೀರಿ" ಎನ್ನುತ್ತ ಇಪ್ಪತ್ತು ಸಲ ಬಗ್ಗಿ ಎದ್ದರು. ಮಗಳು ಸುಣ್ಣದ ಕಡ್ಡಿಯಿಂದ ಗುರುತು ಮಾಡುತ್ತ ಬಂದಳು. ಟೇಪಿಗೂ ಕಂಪ್ಯೂಟರಿಗೂ ಸಾವಿರ ಮೀಟರಿಗೆ ಒಂದೂವರೆ ಗೇಣಿನ ವ್ಯತ್ಯಾಸ ಬಂತು. ಸರ್ ಸೊಂಟ ಹಿಡಿದುಕೊಂಡು ನಿಂತು, "ಉಳದ ಒಂಬತ್ತು ನಿಮ್ಮ ಕಂಪ್ಯೂಟರ್ ಅಳೀಲಿ, ಅಕ್ಕಾರ" ಎಂದರು.

ಹತ್ತರ ಹೊಸ ಗೆರೆ ಸೇತುವೆಯನ್ನು ದಾಟಿ, ಕಬ್ಬಿನ ಸಾಲು ಮುಗಿದ ಮೇಲೆ, ಒಂದು ಒಂಟಿ ಮನೆಯ ಎದುರಿಗೆ ಬಿತ್ತು. ಎಮ್ಮೆಗೆ ಮೇವು ಹಾಕುತ್ತಿದ್ದ ಮುದುಕಿಯೊಬ್ಬಳು ಓಡಿ ಬಂದು, "ಯಾಕ ನಮ್ಮ ಮನಿ ಮುಂದ ಬಣ್ಣ ಹಚ್ಚಾಕತ್ತೀರಿ? ರಸ್ತೆ ದೊಡ್ಡದು ಮಾಡಿ ಮನಿ ಕೆಡವತೀರೇನು?" ಎಂದು ಕೇಳಿದಳು. ಹುಡುಗಿ ಸೈಕಲ್ ಹೊಡೆದು ಇಲ್ಲಿಗೆ ಬಂದು ನಿಲ್ಲುತ್ತಾಳೆ, ಅಷ್ಟೇ, ಎಂದೆವು. ಮುದುಕಿ ಮಗಳನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ಸಣ್ಣಾಕಿ ಅಷ್ಟ ದೂರದಿಂದ ಬರತಾಳೇನು?" ಎಂದು ಒಳಗೆ ಹೋಗಿ ತಂಬಿಗೆ ತುಂಬ ಮಜ್ಜಿಗೆ ತಂದಳು. ಆಮೇಲೆ ವಾರಕ್ಕೆ ಮೂರು ದಿನ ಅದೇ ಪದ್ಧತಿಯಾಯಿತು. ಮಗಳು ಒಂದು ದಿನ ತಡ ಮಾಡಿದರೆ ಮುದುಕಿ ಗೆರೆಯ ಮೇಲೆ ನಿಂತು ಸರ್ ಅವರಿಗೇ ಬೈಯುತ್ತಿದ್ದಳು, ಬಿಸಿಲೇರಿದ ಮೇಲೆ ಹುಡುಗಿಯನ್ನು ಕರೆತರುತ್ತೀರಿ ಎಂದು.

ಮರುವರ್ಷದ ಆಯ್ಕೆಯಲ್ಲಿ ಅವಳು ಹದಿನಾರು ನಿಮಿಷ ಆರು ಸೆಕೆಂಡಿಗೆ ಮುಗಿಸಿದಳು. ಹದಿನಾರರೊಳಗೆ ಬರಲಿಲ್ಲ. ಆದರೆ ಪಟ್ಟಿಯಲ್ಲಿ ಕೊನೆಯ ಹೆಸರು ಅವಳದಿತ್ತು. ಸರ್ ಆ ಹಾಳೆಯನ್ನು ಮೂರು ಸಲ ಓದಿದರು, ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಎರಡು ಸಲ. ಮಗಳು ಮಾತ್ರ ಶಾಂತವಾಗಿದ್ದಳು. "ನಿನ್ನೀ ತಾಲೀಮಿನ್ಯಾಗ ಹದಿನಾರು ಒಂಬತ್ತು ಬಂದಿತ್ತು. ಇವತ್ತ ಆರು ಬಂತು. ಸರಿ ಐತಿ" ಎಂದಳು, ಅಂಗಡಿಯಲ್ಲಿ ಸಾಮಾನು ತೂಗಿಸಿಕೊಂಡವರ ಹಾಗೆ. ಅವಳನ್ನು ವಸತಿ ನಿಲಯಕ್ಕೆ ಬಿಟ್ಟು ಬರುವಾಗ ಅವಳಪ್ಪ ಬನಹಟ್ಟಿಯ ಮಗ್ಗದ ಮೇಲೆ ತಾವೇ ನೇಯ್ದ ಹಾಸಿಗೆಯ ಹೊದಿಕೆ ಕೊಟ್ಟರು. ಅದು ಮಂಚಕ್ಕಿಂತ ಒಂದು ಮೊಳ ಉದ್ದವಿತ್ತು. ಇರಲಿ, ಹುಡುಗಿ ಇನ್ನೂ ಬೆಳೆಯುತ್ತಾಳೆ ಎಂದರು.

ಈಗ ಸರ್ ಬಳಿ ಇನ್ನಿಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ, ಬೀಳಗಿ ಕಡೆಯವರು. ಹೋದ ತಿಂಗಳು ಅವರಿಗಾಗಿ ಅನಗವಾಡಿಯ ಹತ್ತಿರ, ಕೃಷ್ಣೆಯ ಹಿನ್ನೀರು ಕಾಣುವ ಒಂದು ರಸ್ತೆಯನ್ನು ಅಳೆದುಕೊಟ್ಟೆ. ನಾನು ಲ್ಯಾಪ್‌ಟಾಪ್ ತೆರೆದು ಪಟ್ಟಿಯ ನಂಬರ್ ತೋರಿಸಿದೆ. ಸರ್ ಅದನ್ನು ಗೌರವದಿಂದ ನೋಡಿ, ತಲೆಯಾಡಿಸಿ, ಟೇಪಿನ ತುದಿಯನ್ನು ನನ್ನ ಕೈಗಿಟ್ಟರು.

"ಹಿಡೀರಿ ಅಕ್ಕಾರ. ಒಂದ ಕಿಲೋಮೀಟರ ಅಷ್ಟ. ಆಮ್ಯಾಲೆ ಚಾ ಕುಡಿಯೂಣು."

ನಾನು ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ನೀರಿನ ಕಡೆಯಿಂದ ತಂಪು ಗಾಳಿ ಬರುತ್ತಿತ್ತು, ಹುಡುಗಿಯರಿಬ್ಬರೂ ಸುಣ್ಣದ ಕಡ್ಡಿಗಾಗಿ ಕಚ್ಚಾಡುತ್ತಿದ್ದರು.